ನಾಲಗೆ ತಾಗಿದ ಕಲ್ಲು

ನನ್ನ ತಂಗಿ ಡಯಾನಾ ಸುಣ್ಣಕಲ್ಲಿನೊಳಗಿನ ಪಾಚಿಯ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ಕೋಟ್ಯಂತರ ವರ್ಷಗಳ ಹಿಂದೆ ಕಡಲಂಚಿನ ಆಳವಿಲ್ಲದ ನೀರಿನಲ್ಲಿ ಬೆಳೆದು ಕಲ್ಲಾಗಿಹೋದ ಪಾಚಿ. ಒಣಕಲ್ಲಿನಲ್ಲಿ ಅದು ಕಾಣುವುದಿಲ್ಲ. ಒದ್ದೆಯಾದರೆ ಸಣ್ಣ ಬಿಳಿ ಬಳೆಗಳಂತೆ ಮೂಡುತ್ತದೆ. ಅವಳು ಪ್ರತಿ ಕಲ್ಲನ್ನೂ ನೆಕ್ಕಿಯೇ ನೋಡುತ್ತಿದ್ದಳು. ಅಮ್ಮ ಬೈಯುತ್ತಿದ್ದರು.

ಜ್ವರದಲ್ಲಿ ಅವಳು ತೀರಿಕೊಂಡಾಗ ಪೈವಳಿಕೆಯ ನಮ್ಮ ಮನೆಯ ಕಿಟಕಿಯಲ್ಲಿ ಅವಳಿನ್ನೂ ನೋಡದ ಹನ್ನೊಂದು ಕಲ್ಲು ಉಳಿದಿದ್ದವು. ಚರ್ಚಿನಲ್ಲಿ ಅವಳ ತಿಂಗಳ ಬಲಿಪೂಜೆ ಮುಗಿಸಿ ಬಂದ ಮಧ್ಯಾಹ್ನ ಮೊದಲನೆಯದು ಒದ್ದೆಯಾಗಿತ್ತು. ನಾಲಗೆಯಗಲದ ಗುರುತು, ಮುಟ್ಟಿದರೆ ಬೆಚ್ಚಗೆ. ಒರೆಸಿದೆ, ಮತ್ತೆ ಮೂಡಿತು. ಮರುದಿನ ಅದೇ ಹೊತ್ತಿಗೆ ಪಕ್ಕದ ಕಲ್ಲು.

ನಾನು ಹೆದರಿದೆ. ಅಮ್ಮ ಹೆದರಲಿಲ್ಲ, ದಿನಾ ಉಳಿದ ಕಲ್ಲು ಎಣಿಸುತ್ತಿದ್ದರು. ಹತ್ತನೆಯ ದಿನ ಕೇಳಿದರು: “ಇನ್ನು ಒಂದೇ ಉಂಟಲ್ಲ ಮಗಾ. ಅದೂ ಮುಗಿದರೆ ಅವಳು ಎಂತಕ್ಕೆ ಬರ್ತಾಳೆ?”

ಅವರು ಆ ಕಲ್ಲನ್ನು ಅಕ್ಕಿಡಬ್ಬದ ತಳದಲ್ಲಿ ಹುಗಿದಿಟ್ಟರು.

ಮರುದಿನ ಕಿಟಕಿಯ ಕಲ್ಲುಗಳೆಲ್ಲ ಒಣಗಿಯೇ ಇದ್ದವು. ಅವಳು ಹೋದ ಮೇಲೆ ಅಮ್ಮ ಮೊದಲ ಸಲ ನಕ್ಕರು. ಸಂಜೆ ಗಂಜಿಗೆ ಅಕ್ಕಿ ತೆಗೆಯುವ ನೆಪದಲ್ಲಿ ಡಬ್ಬದೊಳಗೆ ಕೈಹಾಕಿ ಕಲ್ಲನ್ನು ಹೊರಗೆಳೆದೆ. ಅದರ ಮೇಲೆ ನಾಲಗೆಯಗಲಕ್ಕೆ ಅಕ್ಕಿಕಾಳುಗಳು ಅಂಟಿಕೊಂಡಿದ್ದವು.

ಒರೆಸಿದೆ. ಮತ್ತೆ ಮೂಡಲಿಲ್ಲ. ಕಲ್ಲನ್ನು ಅಲ್ಲೇ ಹುಗಿದೆ.

ಅಮ್ಮ ಇವತ್ತಿಗೂ “ಒಂದು ಬಾಕಿ ಉಂಟು” ಎನ್ನುತ್ತಾರೆ.