ಬರಲ್ಲ ಅಂದ ಸೀಟು

ಸರ್ಕಾರಿ ಕಾಲೇಜಿನಲ್ಲಿ ಎಂಬಿಬಿಎಸ್ ಓದಲು ವರ್ಷಕ್ಕೆ ಹೆಚ್ಚುಕಡಿಮೆ ಅರವತ್ತೈದು ಸಾವಿರ ರೂಪಾಯಿ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾದಲ್ಲಾದರೆ ಒಂದೂವರೆ ಲಕ್ಷ. ಅದೇ ಕಾಲೇಜಿನ ಖಾಸಗಿ ಸೀಟಿಗೆ ಹನ್ನೆರಡು ಲಕ್ಷ. ಅದಕ್ಕೂ ಮೇಲಿನದನ್ನು ವಿಚಾರಿಸಿದವರು ವಿಚಾರಿಸಿದಷ್ಟಕ್ಕೇ ಎದ್ದು ಬರುತ್ತಾರೆ. ಓದುವ ಪುಸ್ತಕ ಒಂದೇ, ಬರೆಯುವ ಪರೀಕ್ಷೆ ಒಂದೇ. ಚಿಕ್ಕಜಾಜೂರಿನ ಕೆಂಚಣ್ಣ ರೈಲ್ವೆಯಲ್ಲಿ ಹಳಿ ರಿಪೇರಿ ಮಾಡುವ ಗ್ಯಾಂಗ್‌ಮನ್. ಅವನ ಕೈಗೆ ಎಟಕುವುದು ಮೊದಲನೆಯ ಲೆಕ್ಕ ಮಾತ್ರ.

ಜುಲೈ 28, ಸೋಮವಾರ ಬೆಳಿಗ್ಗೆ 11.40ಕ್ಕೆ ಅವನು ಮಗಳನ್ನು ಕರೆದುಕೊಂಡು ಚಿತ್ರದುರ್ಗದ ಸಿಇಎನ್ ಠಾಣೆಗೆ, ಎಂದರೆ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆಗೆ ಬಂದ. ಹೆಡ್ ಕಾನ್‌ಸ್ಟೆಬಲ್ ಚಿತ್ತಯ್ಯ ಕುರ್ಚಿ ತೋರಿಸಿ, ಏನು ಕಳುವಾಗಿದೆ ಎಂದು ಕೇಳಿದ.

"ಕಾಲೇಜು ಸಾ."

ಚಿತ್ತಯ್ಯ ಪೆನ್ನು ಕೆಳಗಿಟ್ಟ. "ಬಿಲ್ಡಿಂಗ್ ಸಮೇತನಾ?"

ಮಗಳು ಸುಷ್ಮಿತಾ ಅಪ್ಪನನ್ನು ಪಕ್ಕಕ್ಕೆ ಸರಿಸಿ ಎರಡು ಹಾಳೆ ಮೇಜಿನ ಮೇಲಿಟ್ಟಳು. ಅವಳು ನೀಟ್ ಬರೆದು ರ‍್ಯಾಂಕ್ ಪಡೆದವಳು. ಯಾವ ಕಾಲೇಜು ಬೇಕು, ಯಾವುದು ಮೊದಲು, ಯಾವುದು ನಂತರ ಎಂದು ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಪಟ್ಟಿ ಕೊಟ್ಟಿದ್ದಳು. ಶನಿವಾರ ಅಣಕು ಸೀಟು ಹಂಚಿಕೆ ಪ್ರಕಟವಾಗಿ, ಅದರಲ್ಲಿ ಅವಳಿಗೆ ಒಂದು ಸರ್ಕಾರಿ ಕಾಲೇಜು ಬಂದಿತ್ತು. ಪಟ್ಟಿ ಹಾಗೇ ಇದ್ದರೆ ನಿಜವಾದ ಹಂಚಿಕೆಯಲ್ಲೂ ಅದೇ ಬರುವ ಸಂಭವ. ಸೋಮವಾರ ಬೆಳಿಗ್ಗೆ ರೈಲ್ವೆ ಸ್ಟೇಷನ್ ಎದುರಿನ ಆನ್‌ಲೈನ್ ಅಂಗಡಿಯಲ್ಲಿ ತೆರೆದು ನೋಡಿದರೆ ಹನ್ನೊಂದು ಸರ್ಕಾರಿ ಕಾಲೇಜುಗಳೂ ಪಟ್ಟಿಯಿಂದ ಮಾಯ. ಉಳಿದದ್ದು ಕೊನೆಯಲ್ಲಿ ಸುಮ್ಮನೆ ಸೇರಿಸಿದ್ದ ಐದು ಖಾಸಗಿ ಕಾಲೇಜು. ಪಟ್ಟಿ ತಿದ್ದಲು ಮಂಗಳವಾರ ಬೆಳಿಗ್ಗೆ ಹನ್ನೊಂದರವರೆಗೆ ಮಾತ್ರ ಅವಕಾಶ.

ಇನ್‌ಸ್ಪೆಕ್ಟರ್ ಅನುಪಮಾ ಒಳಗಿನಿಂದ ಬಂದು ನಿಂತೇ ಎಲ್ಲ ಕೇಳಿಸಿಕೊಂಡರು.

"ನೀನೇ ಸರಿಮಾಡ್ಕಳ್ಳಕ್ಕೆ ಆಗಲ್ವೇನಮ್ಮ?"

"ಪಟ್ಟಿ ನೋಡಬಹುದು ಮೇಡಂ. ತಿದ್ದಬೇಕಂದ್ರೆ ಒಟಿಪಿ ಬೇಕು."

"ಒಟಿಪಿ ಯಾರ ಫೋನಿಗೆ ಹೋಗ್ತೈತೆ?"

ಸುಷ್ಮಿತಾ ಅಪ್ಪನ ಕಡೆ ನೋಡಿದಳು. ಕೆಂಚಣ್ಣ ನೆಲ ನೋಡುತ್ತ ಹೇಳಿದ.

"ಮೇಷ್ಟ್ರ ಫೋನಿಗೆ."

ಮನೆಯಲ್ಲಿರುವುದು ಒಂದೇ ಫೋನು, ಅದು ಕೆಂಚಣ್ಣನದು. ಹಳಿಯ ಮೇಲೆ ಇಳಿದರೆ ಗ್ಯಾಂಗಿನವರೆಲ್ಲ ಫೋನ್ ಆಫ್ ಮಾಡಿ ಊಟದ ಚೀಲದೊಳಗೆ ಹಾಕುತ್ತಾರೆ. ಮಾತಾಡುತ್ತ ನಿಂತವನಿಗೆ ಹಿಂದೆ ಬರುವ ರೈಲು ಕೇಳಿಸುವುದಿಲ್ಲ. ಅದಕ್ಕೇ ಅವರಲ್ಲಿ ಒಂದು ರೂಢಿ ಬೆಳೆದಿದೆ: ಮೆಸೇಜು ತಪ್ಪಬಾರದ ಕಡೆಗೆಲ್ಲ ಬೇರೆಯವರ ನಂಬರ್ ಕೊಡುವುದು. ಅವರ ಸಾಲಿನ ನಾಲ್ಕು ಮನೆಗಳ ಗ್ಯಾಸ್ ಬುಕಿಂಗ್ ಮೆಸೇಜು ಅಂಗಡಿಯವನ ಫೋನಿಗೇ ಬರುತ್ತದೆ. ಮಗಳ ಅರ್ಜಿ ತುಂಬುವಾಗಲೂ ಕೆಂಚಣ್ಣ ಹಾಗೇ ಮಾಡಿದ್ದ. ಪಾಸ್‌ವರ್ಡನ್ನೂ ಮೇಷ್ಟ್ರೇ ಇಟ್ಟಿದ್ದರು; ಮೊದಲ ಸಲ ಪಟ್ಟಿ ಕೊಟ್ಟಾಗ ಒಟಿಪಿ ಹೇಳಿದ್ದೂ ಅವರೇ.

ಮೇಷ್ಟ್ರೆಂದರೆ ಹಿರಿಯೂರು ಬಸ್ ನಿಲ್ದಾಣದ ಹತ್ತಿರ ಮಾರ್ಗದರ್ಶನ ಕೇಂದ್ರ ಇಟ್ಟಿರುವ ನಾಗಭೂಷಣ. ಮಕ್ಕಳ ರ‍್ಯಾಂಕ್ ಹಿಡಿದು ಹೊಸದುರ್ಗ, ಹೊಳಲ್ಕೆರೆಯಿಂದಲೂ ತಂದೆತಾಯಿಗಳು ಅವನಲ್ಲಿಗೆ ಬರುತ್ತಾರೆ. ಅವನು ಒಂದು ಉದ್ದನೆಯ ನೋಟ್‌ಬುಕ್ ಬಿಚ್ಚುತ್ತಾನೆ. ಯಾವ ಕಾಲೇಜು, ಯಾವ ಕೋಟಾದಲ್ಲಿ, ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಎಂದು ಒಂಬತ್ತು ವರ್ಷದ್ದು ಕೈಬರಹದಲ್ಲಿದೆ. ಬೆರಳಿಟ್ಟು ನೋಡಿ "ಬರುತ್ತೆ" ಅಥವಾ "ಬರಲ್ಲ" ಎನ್ನುತ್ತಾನೆ. ಬಾಗಿಲ ಮೇಲೆ ಫ್ಲೆಕ್ಸ್: ಒಂಬತ್ತು ವರ್ಷ, ಒಂದೂ ತಪ್ಪಿಲ್ಲ.

"ನಿನಗೇನಂದ?" ಅನುಪಮಾ ಕೇಳಿದರು.

"ಬರಲ್ಲ ಅಂದ್ರು. ನಲವತ್ತು ಜನ ಪೇರೆಂಟ್ಸ್ ಮುಂದೆ ನನ್ನ ಎಬ್ಬಿಸಿ ನಿಲ್ಲಿಸಿ, ಇಂಥ ರ‍್ಯಾಂಕಿಗೆ ಆಸೆ ಪಡಬಾರದು ಅಂತ ಉದಾಹರಣೆ ಕೊಟ್ರು."

"ಆಮೇಲೆ?"

"ನಾನು ಎದುರು ಮಾತಾಡಿದೆ."

ಅವಳು ಒಂದರಿಂದ ಹತ್ತರವರೆಗೆ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದವಳು. ಕನ್ನಡ ಮಾಧ್ಯಮದ ಕೋಟಾದಲ್ಲಿ ಒಂದೊಂದು ಕಾಲೇಜಿಗೆ ಒಂದೋ ಎರಡೋ ಸೀಟು. ಮೇಷ್ಟ್ರು ಒಂಬತ್ತು ವರ್ಷದ ಸರಾಸರಿ ತೆಗೆದು ಹೇಳಿದ್ದರು. ಒಂದೇ ಸೀಟು ಇರುವ ಕಡೆ ಸರಾಸರಿಯಿಂದ ಏನೂ ತಿಳಿಯುವುದಿಲ್ಲ, ಆ ವರ್ಷ ಯಾರು ಬಂದರು, ಯಾರು ಬಿಟ್ಟರು ಎನ್ನುವುದರ ಮೇಲೆ ಅದು ಮೇಲೆ ಕೆಳಗೆ ಹಾರುತ್ತದೆ ಎಂದು ಅವಳು ಅವರ ನೋಟ್‌ಬುಕ್ಕಿನಲ್ಲೇ ತೋರಿಸಿದ್ದಳು. ಕೊನೆಗೆ ಅವಳು ಕೇಳಿದ್ದು ಒಂದೇ ಮಾತು: ಬರೆದರೆ ಹೋಗುವುದೇನು? ಜನ ನಕ್ಕಿದ್ದರು. ಮೇಷ್ಟ್ರು ನಕ್ಕಿರಲಿಲ್ಲ.

ಹಾಗಂತ ಅವರು ಕೆಟ್ಟವರಲ್ಲ ಎಂದ ಕೆಂಚಣ್ಣ. ಹಳಿ ಕೆಲಸದವನ ಮಗಳು ಎಂದು ಅವಳಿಂದ ಒಂದು ಪೈಸೆ ಫೀಸು ತಗೊಂಡಿರಲಿಲ್ಲ.

12.50ಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆ ಕಲಂ 66ಸಿ, ಎಂದರೆ ಬೇರೆಯವರ ಪಾಸ್‌ವರ್ಡ್ ಕದ್ದು ಬಳಸಿದ ಅಪರಾಧದ ಅಡಿ ಎಫ್‌ಐಆರ್ ದಾಖಲಾಯಿತು. ಚಿತ್ತಯ್ಯ ಜೀಪಿನ ಕೀ ಕೈಗೆ ತೆಗೆದುಕೊಂಡ. ಅನುಪಮಾ ಬೇಡವೆಂದರು.

"ಕಳ್ಳ ನಾಳೆನೂ ಸಿಗ್ತಾನೆ ಚಿತ್ತಯ್ಯ. ಹನ್ನೊಂದು ಗಂಟೆ ಸಿಗಲ್ಲ."

ಎಫ್‌ಐಆರ್ ಪ್ರತಿ, ಆಧಾರ್, ಹುಡುಗಿಯ ಅರ್ಜಿ ಸೇರಿಸಿ ಪ್ರಾಧಿಕಾರಕ್ಕೆ ಇಮೇಲ್ ಹೋಯಿತು. ಕೇಳಿದ್ದು ಎರಡು: ನೋಂದಾಯಿತ ಫೋನ್ ನಂಬರ್ ಬದಲಾಯಿಸಿಕೊಡಿ, ಪಟ್ಟಿ ಬದಲಾದ ಸಮಯದ ದಾಖಲೆ ಕಳಿಸಿ. ಆರು ಸಲ ಫೋನ್ ಮಾಡಿದ ಮೇಲೆ, ಸಂಜೆ 5.25ಕ್ಕೆ ಉತ್ತರ ಬಂತು. ಭಾನುವಾರ ಸಂಜೆ 7.42ಕ್ಕೆ ಬದಲಾವಣೆಯಾಗಿದೆ, ಒಟಿಪಿ ಹೋಗಿದ್ದು 61ರಿಂದ ಮುಗಿಯುವ ನಂಬರಿಗೆ. ಅದು ಮೇಷ್ಟ್ರದೇ. ಬೆಳಿಗ್ಗೆ 9.30ಕ್ಕೆ ವಿಡಿಯೊ ಕರೆಯಲ್ಲಿ ಅಭ್ಯರ್ಥಿಯನ್ನು ಗುರುತಿಸಿ ಹೊಸ ನಂಬರ್ ಸೇರಿಸುತ್ತಾರೆ.

ಯಾವ ನಂಬರ್ ಕೊಡುತ್ತೀರಿ ಎಂದು ಅನುಪಮಾ ಕೇಳಿದರು. ಕೆಂಚಣ್ಣ ಯೋಚಿಸಿ ಚಿತ್ತಯ್ಯನ ಕಡೆ ಕೈ ತೋರಿಸಿದ.

"ಇವರದ್ದೇ ಕೊಡಾಣ ಮೇಡಂ. ಪೊಲೀಸ್ನೋರಿಗಿಂತ ಭದ್ರ ಯಾರೈದಾರೆ?"

ಚಿತ್ತಯ್ಯನಿಗೆ ನಗು ತಡೆಯಲಾಗಲಿಲ್ಲ. ಅನುಪಮಾ ನಗಲಿಲ್ಲ. "ನಿಮ್ಮದೇ ಕೊಡ್ರಿ ಕೆಂಚಣ್ಣ. ನಾಳೆ ಒಂದಿನ ಹಳಿ ಬೇರೆಯವರು ನೋಡ್ಕಳ್ಳಲಿ."

ಮಂಗಳವಾರ ವಿಡಿಯೊ ಕರೆ ಬಂದಾಗ 9.34. ನಂಬರ್ ಬದಲಾದಾಗ 9.58. ಠಾಣೆಯ ಕಂಪ್ಯೂಟರಿನ ಮುಂದೆ ಕೂತು ಸುಷ್ಮಿತಾ ಹಳೆಯ ಹಾಳೆ ನೋಡಿಕೊಂಡು ಹನ್ನೊಂದು ಕಾಲೇಜುಗಳನ್ನೂ ಮೊದಲಿನ ಕ್ರಮದಲ್ಲೇ ಸೇರಿಸಿದಳು. ಕೆಂಚಣ್ಣ ಗೋಡೆಗೊರಗಿ ಎರಡೂ ಕೈಯಲ್ಲಿ ಫೋನ್ ಹಿಡಿದು ನಿಂತಿದ್ದ. 10.12ಕ್ಕೆ ಅದು ಕುಂಯ್ ಎಂದಿತು. ಅವನು ಒಂದೊಂದೇ ಅಂಕಿಯನ್ನು, ಗ್ಯಾಂಗಿನವರಿಗೆ ಕೂಗಿ ಹೇಳುವ ಹಾಗೆ ಗಟ್ಟಿಯಾಗಿ ಓದಿದ. ಹೊರಗೆ ದೂರು ಕೊಡಲು ಕೂತಿದ್ದವರೆಲ್ಲ ತಿರುಗಿ ನೋಡಿದರು.

10.14ಕ್ಕೆ ಪಟ್ಟಿ ಸೇವ್ ಆಯಿತು. ಸುಷ್ಮಿತಾ ಯಾರಿಗೂ ಹೇಳದ ಹೊಸ ಪಾಸ್‌ವರ್ಡ್ ಇಟ್ಟು, ನೀರು ಕೇಳಿದಳು. ಚಿತ್ತಯ್ಯ ನೀರು ಕೊಟ್ಟು, ಅವಶ್ಯವಿಲ್ಲದಿದ್ದರೂ ಆ ಸಮಯವನ್ನು ಠಾಣಾ ದಿನಚರಿಯಲ್ಲಿ ಬರೆದ.

11.30ಕ್ಕೆ ಜೀಪು ಹಿರಿಯೂರಿನ ಕಡೆ ಹೊರಟಿತು.

ನಾಗಭೂಷಣನಿಗೆ ಮೂವತ್ತೈದರ ಆಸುಪಾಸು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು. ಗಾಬರಿ ತೋರಿಸಲಿಲ್ಲ. ಭಾನುವಾರ ಸಂಜೆ ತಾನು ಹೊಸದುರ್ಗದಲ್ಲಿ ನೆಂಟರ ಮದುವೆಯ ಆರತಕ್ಷತೆಯಲ್ಲಿದ್ದೆ ಎಂದ. ಫೋನ್ ಕೇಂದ್ರದ ಮೇಜಿನ ಡ್ರಾದಲ್ಲಿ ಚಾರ್ಜಿಗೆ ಹಾಕಿ ಮರೆತಿದ್ದೆ ಎಂದ. ಬೀಗದ ಕೀ ಇದ್ದದ್ದು ಟೈಪಿಂಗ್ ಮಾಡುವ ಪ್ರೀತಿಯ ಹತ್ತಿರ ಎಂದೂ ಸೇರಿಸಿದ. ಅಷ್ಟು ಹೇಳುವಾಗ ಮಾತ್ರ ಅವನು ಪ್ರೀತಿಯ ಕಡೆ ನೋಡಲಿಲ್ಲ.

ಅನುಪಮಾ ಅವಳನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದರು.

"ಭಾನುವಾರ ಎಷ್ಟೊತ್ತಿಗೆ ಬೀಗ ಹಾಕಿದೆ?"

"ಆರೂವರೆ ಮೇಡಂ."

"ಅದಕ್ಕೆ ಏನು ಸಾಕ್ಷಿ?"

ಪ್ರೀತಿ ಬ್ಯಾಗಿನೊಳಗೆ ಕೈ ಹಾಕಿ ಒಂದು ಮುಷ್ಟಿ ಚೀಟಿ ತೆಗೆದಳು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಕೊಡುವ ಶೂನ್ಯ ದರದ ಟಿಕೆಟ್‌ಗಳು. ಚೆಕಿಂಗಿನವರು ಹಿಡಿದಾರೆಂಬ ಭಯಕ್ಕೆ ಇಟ್ಟುಕೊಂಡು, ಆಮೇಲೆ ಬಿಸಾಡಲು ಮರೆತವು. ಭಾನುವಾರದ್ದು ಸಿಕ್ಕಿತು: ಹಿರಿಯೂರಿನಿಂದ ಅವಳ ಊರಿಗೆ, ಸಂಜೆ 6.52.

"ಬಸ್ಸಲ್ಲಿ ಕುಂತು ಮೇಷ್ಟ್ರಿಗೆ ಫೋನ್ ಮಾಡ್ದೆ ಮೇಡಂ, ಬೀಗ ಹಾಕಿದೀನಿ ಅಂತ."

"ಯಾರು ಎತ್ತಿದ್ರು?"

"ಮೇಷ್ಟ್ರೇ. ಹಿಂದೆ ವಾಲಗ ಊದ್ತಿದ್ರು, ಸರಿಯಾಗಿ ಕೇಳಿಸ್ಲಿಲ್ಲ."

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವಳಿಗೆ ಅರ್ಥವಾಗಿ ಕಣ್ಣು ತುಂಬಿತು. ಅನುಪಮಾ ಟಿಕೆಟನ್ನು ಲಕೋಟೆಗೆ ಹಾಕಿ, ನೀನು ಮನೆಗೆ ಹೋಗಮ್ಮ, ಹೇಳಿಕೆ ಕೊಡಲು ಆಮೇಲೆ ಕರೆಯುತ್ತೇನೆ ಎಂದರು.

ಒಳಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ. "ಮೇಷ್ಟ್ರೇ, ಬೀಗ ಹಾಕಿದ ಅಂಗಡಿ ಡ್ರಾದಲ್ಲಿ ಯಾರು ವಾಲಗ ಊದ್ತಿದ್ರು?"

ನಾಗಭೂಷಣ ಕನ್ನಡಕ ತೆಗೆದು ಒರೆಸಿದ. ಒರೆಸುತ್ತಲೇ ಇದ್ದ.

ಅಕ್ಕಪಕ್ಕದ ಅಂಗಡಿಯ ಇಬ್ಬರು ಪಂಚರ ಎದುರು ಮಧ್ಯಾಹ್ನ 2.15ರಿಂದ 3.40ರವರೆಗೆ ಪಂಚನಾಮೆ ನಡೆಯಿತು. ಫೋನು, ಲ್ಯಾಪ್‌ಟಾಪು, ನೋಟ್‌ಬುಕ್ ಜಪ್ತಿಯಾದವು. ಫೋನನ್ನು ಆ ಬೆಳಿಗ್ಗೆಯೇ ಪೂರ್ತಿ ಅಳಿಸಿ ಹೊಸದು ಮಾಡಿದ್ದ. ಆದರೆ ಕರೆ ವಿವರ ಕಂಪನಿಯವರಲ್ಲಿ ಉಳಿದಿರುತ್ತದೆ. ಬುಧವಾರ ಬೆಳಿಗ್ಗೆ ಅದು ಬಂತು: ಭಾನುವಾರ ಸಂಜೆ ಆರರಿಂದ ಒಂಬತ್ತರವರೆಗೆ ಆ ಫೋನ್ ಇದ್ದದ್ದು ಹೊಸದುರ್ಗದ ಟವರಿನಲ್ಲಿ. 7.42ಕ್ಕೆ ಇಂಟರ್‌ನೆಟ್ ಬಳಸಿದ್ದೂ ಅಲ್ಲಿಂದಲೇ. ಸಾಕ್ಷ್ಯ ನಾಶ ಮಾಡಲು ನೋಡಿದ್ದರಿಂದ ಅದೇ ದಿನ 12.20ಕ್ಕೆ ನಾಗಭೂಷಣನನ್ನು ಬಂಧಿಸಲಾಯಿತು.

ಖಾಸಗಿ ಕಾಲೇಜಿನವರು ಕಮಿಷನ್ ಕೊಟ್ಟಿರಬೇಕೆಂದು ಚಿತ್ತಯ್ಯ ಮೊದಲಿನಿಂದಲೂ ಅಂದುಕೊಂಡಿದ್ದ. ಬ್ಯಾಂಕ್ ವಿವರದಲ್ಲಿ ಅಂಥದ್ದೇನೂ ಸಿಗಲಿಲ್ಲ. ಸಿಕ್ಕಿದ್ದು ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ. ಅಲ್ಲಿ ಒಂದೇ ಹೆಸರು, ನಾಗಭೂಷಣನದು. ಹದಿನಾರು ವರ್ಷದ ಹಿಂದಿನ ಸಿಇಟಿ ರ‍್ಯಾಂಕು. ಅದರ ಕೆಳಗೆ ಒಂದು ಸರ್ಕಾರಿ ವೈದ್ಯಕೀಯ ಕಾಲೇಜು, ಅದರಲ್ಲಿ ಆ ವರ್ಷ ಕೊನೆಯ ಸೀಟು ಹೋದ ರ‍್ಯಾಂಕು. ಅದು ಅವನದಕ್ಕಿಂತ ಮೂವತ್ತೊಂದು ಹಿಂದೆ ಇತ್ತು.

"ಸೀಟು ನಿಮಗೇ ಬರಬೇಕಿತ್ತಲ್ರೀ," ಎಂದ ಚಿತ್ತಯ್ಯ.

"ಆ ಕಾಲೇಜು ನಾನು ಕೇಳ್ಲೇ ಇಲ್ಲ ಸರ್. ತಿಳಿದೋರೊಬ್ಬರು ಬರಲ್ಲ ಬಿಡು ಅಂದಿದ್ರು."

ಇನ್ನೊಬ್ಬರಿಗೆ ಹಾಗಾಗಬಾರದೆಂದು ಅವನು ಲೆಕ್ಕ ಹಿಡಿಯಲು ಶುರುಮಾಡಿದ್ದ. ವರ್ಷ ಕಳೆದಂತೆ ತಿಳಿದವರ ಜಾಗದಲ್ಲಿ ತಾನೇ ಕೂತದ್ದು ಅವನ ಗಮನಕ್ಕೆ ಬರಲಿಲ್ಲ. ಅಣಕು ಹಂಚಿಕೆಯಲ್ಲಿ ಸುಷ್ಮಿತಾಳ ಹೆಸರು ಕಂಡಾಗ ಊಟ ಸೇರಲಿಲ್ಲ ಎಂದು ಹೇಳಿಕೆಯಲ್ಲಿ ಬರೆಸಿದ. ಆರತಕ್ಷತೆಯಲ್ಲಿ ಇಬ್ಬರು ತಂದೆಯರು, ಬರಲ್ಲ ಅಂದಿದ್ದಿರಿ, ಬಂತಲ್ಲ ಎಂದು ಕೇಳಿದ್ದರಂತೆ.

"ಆ ಹುಡುಗಿ ಮೇಲೆ ನನಗೆ ಸಿಟ್ಟಿಲ್ಲ ಮೇಡಂ. ಅವಳ ವಿಷಯದಲ್ಲಿ ನಾನು ತಪ್ಪಾದ್ರೆ, ಒಂಬತ್ತು ವರ್ಷದಿಂದ ಬರಲ್ಲ ಅಂತ ಕಳಿಸಿದೀನಲ್ಲ, ಅವರಿಗೆಲ್ಲ ಏನು ಹೇಳ್ಲಿ?"

ಅದು ಠಾಣೆಯಲ್ಲಿ ಬಗೆಹರಿಯುವ ಪ್ರಶ್ನೆಯಾಗಿರಲಿಲ್ಲ. ಕಲಂ ಜಾಮೀನು ಸಿಗುವಂಥದ್ದು. ಸಂಜೆ ಅವನ ಅಣ್ಣ ಬಂದು ಜಾಮೀನು ಕೊಟ್ಟು ಕರೆದುಕೊಂಡು ಹೋದ.

ಆಗಸ್ಟಿನಲ್ಲಿ ಮೊದಲ ಸುತ್ತಿನ ಹಂಚಿಕೆ ಪ್ರಕಟವಾಯಿತು. ಒಟಿಪಿ ಕೊಟ್ಟ ಮೇಲೆ ಕೆಂಚಣ್ಣ ಹಳಿಗಿಳಿಯುವಾಗ ಫೋನನ್ನು ಹೆಂಡತಿ ಏಕಾಂತಮ್ಮನ ಹತ್ತಿರ ಬಿಟ್ಟುಹೋಗುತ್ತಿದ್ದ. ಮೆಸೇಜು ನೋಡಿದವಳು ಅವಳೇ. ಹಳಿಯುದ್ದಕ್ಕೂ ನಡೆದು, ಗಂಡ ಕೆಲಸ ಮಾಡುತ್ತಿದ್ದ ರೈಲ್ವೆ ಗೇಟಿನವರೆಗೆ ಹೋಗಿ, ಹಸಿರು ಬಾವುಟ ಹಿಡಿದವನಿಗೆ ಹೇಳಿ ಕರೆಸಿದಳು.

ಸುಷ್ಮಿತಾಳ ಕೋಟಾದಲ್ಲಿ ಆ ಕಾಲೇಜಿಗಿದ್ದದ್ದು ಒಂದೇ ಸೀಟು. ಅದು ಅವಳಿಗೆ ಸಿಕ್ಕಿತು. ಪ್ರೀತಿಗೆ ಹಿರಿಯೂರಿನಲ್ಲೇ ಬೇರೆ ಅಂಗಡಿಯಲ್ಲಿ ಟೈಪಿಂಗ್ ಕೆಲಸ ಸಿಕ್ಕಿತು. ನಾಗಭೂಷಣನ ಫ್ಲೆಕ್ಸ್ ಹೋಯಿತು. ಕೆಂಚಣ್ಣನಿಗೆ ಹೋದದ್ದು ಎರಡು ದಿನದ ರಜೆ.