ಕರಿಕಲ್ಲು ಬರೆದ ಎರಡನೇ ಸಾಲು

ಕೆಂಪು ಚುಕ್ಕೆ ಹತ್ತಿರ ಬರುತ್ತಲೇ ಇತ್ತು!

ಮೋಕ್ಷಾಳ ಬೆರಳುಗಳು ಕೀಬೋರ್ಡಿನ ಮೇಲೆ ಮರಗಟ್ಟಿದವು. ಲ್ಯಾಪ್‌ಟಾಪ್ ಪರದೆಯ ಕಪ್ಪು ಆಕಾಶದಲ್ಲಿ ಅವಳ ಗಣಿ ಹಡಗು ಒಂದು ದೊಡ್ಡ ಬಂಡೆಯ ಪಕ್ಕ ನಿಂತು ಅದಿರು ಕೊರೆಯುತ್ತಿತ್ತು. ದೊಡ್ಡ ಹೊಟ್ಟೆಯ, ನಿಧಾನ ನಡಿಗೆಯ ಹಡಗು. ಸುತ್ತಲೂ ಬರೀ ಬಂಡೆ, ಧೂಳು. ಅಷ್ಟು ದೊಡ್ಡ ಆಕಾಶದಲ್ಲಿ ಯಾರೋ ಅವಳೊಬ್ಬಳನ್ನೇ ಹುಡುಕಿಕೊಂಡು ಬರುತ್ತಿದ್ದರು...

'ಇದು ಆಟ. ಬರೀ ಆಟ ಮಾರಾಯ್ತಿ!' ಅಂತ ತನಗೇ ಹೇಳಿಕೊಂಡಳು. ಎದೆ ಕೇಳಬೇಕಲ್ಲ?

ಪರದೆಯ ಮೂಲೆಯಲ್ಲಿ ಸಂದೇಶವೊಂದು ಹೊಳೆಯಿತು. ಅದೂ ಕನ್ನಡದಲ್ಲಿ!

"ಬಂಗುಡೆ, ಓಡ್ರಿ! ಅವ ದರೋಡೆಕೋರ! ಅದಿರು ಬಿಟ್ಟು ನಿಲ್ದಾಣಕ್ಕ ಓಡ್ರಿ!"

ಬಂಗುಡೆ ಎನ್ನುವುದು ಆ ಆಟದಲ್ಲಿ ಅವಳು ಇಟ್ಟುಕೊಂಡ ಮೀನಿನ ಹೆಸರು. ಬರೆದವನ ಹೆಸರು ಕರಿಕಲ್ಲು. ಯಾರೆಂದು ಗೊತ್ತಿಲ್ಲ.

ಮೋಕ್ಷಾ ಓಡಲಿಲ್ಲ. ಒಂದು ಗುಂಡಿ ಒತ್ತಿದರೆ ಸಾಕಿತ್ತು. ಬೆರಳು ಏಳಲೇ ಇಲ್ಲ.

ಕೆಂಪು ಹಡಗು ಗುಂಡು ಹಾರಿಸಿತು. ಅಷ್ಟರಲ್ಲಿ ಎಲ್ಲಿಂದಲೋ ಬಂದ ಪುಟ್ಟ ಹಡಗೊಂದು ಇಬ್ಬರ ನಡುವೆ ನುಗ್ಗಿತು. ಬೆಂಕಿಯ ಒಂದು ಹೂವು ಅರಳಿ ಆರಿತು. ಪುಟ್ಟ ಹಡಗು ಇರಲೇ ಇಲ್ಲ!

"ಈಗಾದ್ರೂ ಓಡ್ರಿ!"

ಅವಳು ಗುಂಡಿ ಒತ್ತಿದಳು.

ನಿಲ್ದಾಣ ಸೇರಿದ ಮೇಲೆ, "ನಿಮ್ಮ ಹಡಗು ಹೋಯ್ತಲ್ಲ... ನನ್ನಿಂದ," ಎಂದು ಬರೆದಳು.

"ಹೋಗ್ಲಿ ಬಿಡ್ರಿ. ಸಣ್ಣದು, ಮತ್ತೊಂದು ಸಿಗ್ತದ. ಆದ್ರ ನೀವು ಯಾಕ ನಿಂತ್ರಿ?"

ಸುಳ್ಳು ಹೇಳಬಹುದಿತ್ತು. ಮುಖ ಕಾಣದವನ ಹತ್ತಿರ ಯಾಕೋ ನಿಜವೇ ಬಂತು. "ಹೆದರಿಕೆ ಆದರೆ ನನಗೆ ಓಡಲಿಕ್ಕೆ ಆಗುವುದಿಲ್ಲ. ನಿಂತುಬಿಡ್ತೇನೆ."

ಅವನು ನಗಲಿಲ್ಲ. ಬದಲಿಗೆ ಕೇಳಿದ, "ಈ ಹಡಗು ಯಾರು ಆರಿಸಿಕೊಟ್ರು?"

"ನಾನೇ. ಹೆಚ್ಚು ಅದಿರು ಹಿಡಿಸ್ತದೆ ಅಂತ ಉಂಟಲ್ಲ ಅದರಲ್ಲಿ?"

"ಹೊಸಬರೆಲ್ಲಾ ಹಂಗೇ ಮಾಡ್ತಾರ. ಕೇಳ್ರಿ. ಶುರುವಿಗೆ ಮೂರು ಗಣಿ ಹಡಗು ಸಿಗ್ತಾವ. ಒಂದು ಗುಬ್ಬಿ, ನನ್ನದು. ಬೇಗ ಓಡ್ತದ, ಹೊಟ್ಟಿ ಸಣ್ಣದು. ಇನ್ನೊಂದು ಕತ್ತೆ, ನಿಮ್ಮದು. ಬೇಕಾದಷ್ಟು ಹೊರ್ತದ, ಆದ್ರ ಒಂದು ಹೊಡೆತಕ್ಕ ಸತ್ತು ಹೋಗ್ತದ. ಮೂರನೇದು ಆಮೆ."

"ಆಮೆಯನ್ನು ಯಾರು ತಗೊಳ್ತಾರೆ? ಅದು ಕೊರೆಯುವುದೇ ತಡ ಅಲ್ವಾ?"

"ತಡ. ಆದ್ರ ಚಿಪ್ಪು ಗಟ್ಟಿ. ನೀವು ಹೆದರಿ ನಿಂತ್ರೂ ಅದು ತಡಕೋತದ. ಉಸಿರು ತಗೊಂಡು, ಯೋಚನೆ ಮಾಡಿ, ಆಮ್ಯಾಲೆ ಓಡಾಕ ಟೈಮ್ ಸಿಗ್ತದ."

ಮೋಕ್ಷಾ ಆ ಸಾಲನ್ನು ಮತ್ತೆ ಓದಿದಳು. ಹೆದರಬೇಡ ಎಂದು ಎಲ್ಲರೂ ಹೇಳಿದ್ದರು. ಹೆದರಿದರೂ ಪರವಾಗಿಲ್ಲ ಎಂದವನು ಇವನೊಬ್ಬನೇ!

ಆ ಮಧ್ಯಾಹ್ನ ಅವಳು ಆಮೆಯನ್ನು ಆರಿಸಿಕೊಂಡಳು.

*

ಒಂದೂವರೆ ವರ್ಷದಿಂದ ಮೋಕ್ಷಾ ಕಾಪುವಿನ ಆ ಮನೆಯಿಂದ ಒಬ್ಬಳೇ ಹೊರಗೆ ಹೋದವಳಲ್ಲ.

ಮೊದಲು ಹೀಗಿರಲಿಲ್ಲ. ಮಣಿಪಾಲದ ಒಂದು ಕಚೇರಿಯಲ್ಲಿ ಡಾಕ್ಟರುಗಳ ಟಿಪ್ಪಣಿ ಟೈಪ್ ಮಾಡುವ ಕೆಲಸ. ದಿನಾ ಬಸ್ಸು, ಉಡುಪಿಯಲ್ಲಿ ಇಳಿದು ಇನ್ನೊಂದು ಬಸ್ಸು. ಆಗ ಬಂದದ್ದು ಕಾರ್ಕಳದ ಉಜ್ವಲ್‌ನ ಸಂಬಂಧ. ಅವಳು ಬೇಡ ಎಂದಳು. ಅಮ್ಮ ಗುಣವತಿಯೂ ಒತ್ತಾಯಿಸಲಿಲ್ಲ.

ಉಜ್ವಲ್ ಮಾತ್ರ ಬೇಡ ಎನ್ನುವುದನ್ನು ಕೇಳಿಸಿಕೊಳ್ಳಲೇ ಇಲ್ಲ.

ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಕಾರ್ಕಳದ ಬಸ್ಸುಗಳ ಟೈಮ್ ನೋಡಿಕೊಳ್ಳುವುದು ಅವನ ಕೆಲಸ. ಅವಳು ಇಳಿಯುವಾಗಲೆಲ್ಲ ಅಲ್ಲೇ ನಿಂತಿರುತ್ತಿದ್ದ. ಹೊಸ ಹೊಸ ನಂಬರಿನಿಂದ ಫೋನ್. 'ಇವತ್ತು ಹಸಿರು ಚೂಡಿದಾರ ಚಂದ ಉಂಟು' ಎಂದು ಮೆಸೇಜು. ಒಂದು ಸಂಜೆ ಅವಳ ಸೀಟಿನ ಹಿಂದೆಯೇ ಕುಳಿತು ಕಾಪುವಿನವರೆಗೂ ಬಂದಿದ್ದ. ಒಂದು ಮಾತೂ ಆಡಿರಲಿಲ್ಲ. ಅವನ ಉಸಿರು ಮಾತ್ರ ಕುತ್ತಿಗೆಗೆ ತಾಗುತ್ತಿತ್ತು...

ಮರುದಿನದಿಂದ ಅವಳು ಮನೆಯಿಂದಲೇ ಕೆಲಸ ಕೇಳಿಕೊಂಡಳು. ನಂಬರ್ ಬದಲಿಸಿದಳು. ರಸ್ತೆ ಕಡೆಯ ಕಿಟಕಿ ಅರ್ಧ ಮುಚ್ಚಿತು. ದುಬೈಯಲ್ಲಿದ್ದ ಅಪ್ಪನಿಗೆ ಹೇಳುವುದು ಬೇಡ ಎಂದು ಅಮ್ಮನಿಂದ ಭಾಷೆ ತೆಗೆದುಕೊಂಡಳು.

ಪಕ್ಕದ ಮನೆಯ ಮ್ಯಾಗ್ಡಲಿನ್ ಮಣಿಪಾಲದಲ್ಲಿ ನರ್ಸ್. ಅವಳೇ ಒಂದು ಭಾನುವಾರ ಬಂದು ಈ ಆಟ ಹಾಕಿಕೊಟ್ಟದ್ದು. "ಹೊರಗೆ ಹೋಗ್ಲಿಕ್ಕೆ ಆಗದಿದ್ದರೆ ಆಕಾಶಕ್ಕಾದ್ರೂ ಹೋಗು ಮಾರಾಯ್ತಿ!"

ಆಕಾಶದಲ್ಲಿ ಕರಿಕಲ್ಲು ಸಿಕ್ಕಿದ.

ದಿನಾ ಮಧ್ಯಾಹ್ನ ಕೆಲಸ ಮುಗಿಸಿ, ಊಟ ಮಾಡಿ, ಮೂರಕ್ಕೆ ಅವಳು ಆಟ ತೆರೆಯುತ್ತಿದ್ದಳು. ಅವನೂ ಆ ಹೊತ್ತಿಗೇ ಬರುತ್ತಿದ್ದ. ಅವಳ ಆಮೆ ಕೊರೆಯುವಾಗ ಅವನ ಗುಬ್ಬಿ ಸುತ್ತ ಹಾರುತ್ತಾ ಕಾವಲು ಕಾಯುತ್ತಿತ್ತು. ಯಾವ ಬಂಡೆಯಲ್ಲಿ ಏನಿದೆ, ಕೆಂಪು ಚುಕ್ಕೆ ಕಂಡರೆ ಎಷ್ಟು ದೂರದಲ್ಲಿರುವಾಗ ಹೊರಡಬೇಕು ಎಂದು ಕಲಿಸುತ್ತಿದ್ದ. ಅವಳು ಕೆಲವೊಮ್ಮೆ ಮೈಕಿನಲ್ಲಿ ಮಾತಾಡುತ್ತಿದ್ದಳು. ಅವನು ಮಾತ್ರ ಯಾವಾಗಲೂ ಬರೆಯುತ್ತಿದ್ದ.

"ನೀವು ಯಾಕೆ ಮಾತಾಡುವುದಿಲ್ಲ?"

"ಬರೆಯೋದು ರೂಢಿ ಆಗೇದ."

ಅವನು ಊರು ಕೇಳಲಿಲ್ಲ, ಫೋಟೋ ಕೇಳಲಿಲ್ಲ. ಅದೇ ಅವಳಿಗೆ ಇಷ್ಟವಾಗಿದ್ದು. ಒಂದು ದಿನ ಅವನು ಬರುವುದು ಹತ್ತು ನಿಮಿಷ ತಡವಾದಾಗ ತಾನು ಗಡಿಯಾರ ನೋಡುತ್ತಿರುವುದು ಅವಳಿಗೇ ತಿಳಿಯಿತು. ನಾಚಿಕೆಯಾಯಿತು!

ನಲವತ್ತು ದಿನ ಹೀಗೆ ಕಳೆದವು.

ನಲವತ್ತೊಂದನೆಯ ದಿನ ಪರದೆಯಲ್ಲಿ ಒಂದು ಸಾಲು ಮೂಡಿತು.

"ನಿಮ್ಮ ಮನಿ ಕಾಪು ಬಸ್‌ಸ್ಟಾಪಿನ ಹತ್ರ ಅದ ಅಲ್ವಾ?"

ಮೋಕ್ಷಾಳಿಗೆ ಮೈಯೆಲ್ಲ ತಣ್ಣಗಾಯಿತು.

ಊರಿನ ಹೆಸರು ಅವಳು ಒಮ್ಮೆಯೂ ಹೇಳಿರಲಿಲ್ಲ!

ಲ್ಯಾಪ್‌ಟಾಪ್ ಫಟ್ಟನೆ ಮುಚ್ಚಿದಳು. ಎದ್ದು ಕಿಟಕಿ ಪೂರ್ತಿ ಹಾಕಿದಳು. ಆಗ ಆ ಹೆಸರು ಹೊಸದೆಂಬಂತೆ ಕಿವಿಯಲ್ಲಿ ಕೇಳಿಸಿತು. ಕರಿಕಲ್ಲು... ಕರಿಕಲ್ಲು... ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದರಲ್ಲ, ಕರಿಕಲ್ಲಿನ ಊರೇ ಕಾರ್ಕಳ ಆಯಿತು ಅಂತ?

'ಅವನೇ! ದೇವರೇ, ಇಷ್ಟು ದಿನ ಅವನ ಹತ್ತಿರವೇ ಮಾತಾಡಿದೆನಾ? ಘಟ್ಟದ ಮೇಲಿನ ಮಾತು ಬರೆಯುವುದು ಎಂತ ದೊಡ್ಡ ವಿಷಯ? ಧ್ವನಿ ಗುರುತು ಸಿಗಬಾರದು ಅಂತಲೇ ಮಾತಾಡಲಿಲ್ಲ!'

ನಗಿಸಿದ ಒಂದೊಂದು ಸಾಲೂ ಈಗ ಹಾವಿನಂತೆ ಕಂಡಿತು.

*

ಒಂಬತ್ತು ದಿನ ಅವಳು ಲ್ಯಾಪ್‌ಟಾಪನ್ನು ಕಚೇರಿಯ ಕೆಲಸಕ್ಕಲ್ಲದೆ ಮುಟ್ಟಲಿಲ್ಲ. ಗೇಟು ಕಿರುಗುಟ್ಟಿದರೆ ಬೆಚ್ಚಿದಳು. ಬೈಕು ನಿಧಾನವಾದರೆ ಉಸಿರು ಬಿಗಿಹಿಡಿದಳು. ಅನ್ನ ತಟ್ಟೆಯಲ್ಲೇ ಉಳಿಯಿತು.

ಹತ್ತನೆಯ ದಿನ ಮ್ಯಾಗ್ಡಲಿನ್ ಕೋಣೆಯ ಬಾಗಿಲು ತಳ್ಳಿಕೊಂಡು ಬಂದಳು. "ಎಂತ ಆಯ್ತು ನಿನಗೆ? ಅಮ್ಮ ಅಳ್ತಿದ್ದಾರೆ."

ಮೋಕ್ಷಾ ಎಲ್ಲ ಹೇಳಿದಳು. ಮ್ಯಾಗ್ಡಲಿನ್ ಲ್ಯಾಪ್‌ಟಾಪ್ ಎಳೆದುಕೊಂಡಳು. "ನೀನು ನೋಡಬೇಡ. ನಾನು ಓದ್ತೇನೆ. ಉಜ್ವಲ್ ಆದರೆ ಇವತ್ತೇ ಪೊಲೀಸ್ ಸ್ಟೇಷನ್."

ಅವಳು ಓದಿದಳು. ಮುಖ ಬದಲಾಯಿತು.

"ಮೋಕ್ಷಾ... ಅವನು ಬರೆದದ್ದು ಒಂದೇ ಸಾಲು ಅಲ್ಲ."

ಎರಡನೇ ಸಾಲು ಅಲ್ಲಿ ಹತ್ತು ದಿನದಿಂದ ಕಾದಿತ್ತು.

"ನಿಮ್ಮ ಮೈಕ್ ಆನ್ ಅದ. ಕಂಡಕ್ಟರ್ 'ಕಾಪು, ಕಾಪು' ಅಂತ ಕೂಗೋದು ಎಲ್ಲರಿಗೂ ಕೇಳ್ತದ. ಬೇಗ ಆಫ್ ಮಾಡ್ರಿ!"

ಅದರ ಕೆಳಗೆ, ಮೂರು ದಿನದ ನಂತರ ಬರೆದದ್ದು:

"ನಿಮಗ ಹೆದರಿಕಿ ಹುಟ್ಟಿಸಿದೆ ಅಂತ ಕಾಣ್ತದ. ತಪ್ಪಾಯ್ತು. ನಿಮ್ಮ ಊರು ನನಗ ಗೊತ್ತಾತು, ನನ್ನದು ನಿಮಗ ಗೊತ್ತಿಲ್ಲ. ಅದು ಸರಿ ಅಲ್ಲ. ಅದಕ್ಕ ಹೇಳ್ತೀನಿ. ನನ್ನ ಹೆಸರು ಹನುಮೇಶ. ನಮ್ಮಪ್ಪ ಗುರಲಿಂಗಪ್ಪ ಇಳಕಲ್ ಕಡೆ ಕರಿಕಲ್ಲು ಒಡೀತಿದ್ರು, ಆಮ್ಯಾಲೆ ಉಡುಪಿಗೆ ಗಾರೆ ಕೆಲಸಕ್ಕ ಬಂದ್ರು. ಆಗ ನನಗ ಆರು ವರ್ಷ. ಉಡುಪಿ ಬಸ್‌ಸ್ಟ್ಯಾಂಡಿನ ಒಳಗ ಮೊಬೈಲ್ ರಿಪೇರಿ ಅಂಗಡಿ ಅದ, ಅಲ್ಲಿ ಇರ್ತೀನಿ. ಬರ್ರಿ ಅಂತ ಹೇಳ್ತಿಲ್ಲ. ನಾ ಯಾರು ಅಂತ ನಿಮಗ ಗೊತ್ತಿರಲಿ ಅಂತ ಅಷ್ಟೇ. ನಾನು ಈ ಬಂಡೆಗಳ ಕಡೆ ಇನ್ನು ಬರೂದಿಲ್ಲ. ನೀವು ಹೆದರದ ಆಡ್ರಿ."

ಮ್ಯಾಗ್ಡಲಿನ್ ಕಣ್ಣು ಒರೆಸಿಕೊಂಡಳು. ಮೋಕ್ಷಾಳ ಕಣ್ಣು ಮಾತ್ರ ಒಂದೇ ಪದದ ಮೇಲೆ ನಿಂತಿತ್ತು.

ಬಸ್‌ಸ್ಟ್ಯಾಂಡ್!

"ಅದು ಉಜ್ವಲ್ ನಿಲ್ಲುವ ಜಾಗ ಮ್ಯಾಗಿ! ಇದು ಬಲೆ ಆಗಿದ್ದರೆ?"

"ಆಗಿರಬಹುದು," ಎಂದಳು ಮ್ಯಾಗ್ಡಲಿನ್. "ಇಲ್ಲದೆಯೂ ಇರಬಹುದು. ಇಲ್ಲಿ ಕೂತರೆ ಎರಡೂ ಗೊತ್ತಾಗುವುದಿಲ್ಲ. ನಾನು ಬರ್ತೇನೆ. ಮೊಬೈಲಿನಲ್ಲಿ ವಿಡಿಯೋ ಆನ್ ಮಾಡಿ ಇಟ್ಟುಕೊಳ್ತೇನೆ."

*

ಮರುದಿನ ಇಬ್ಬರೂ ಹತ್ತಿದ ಬಸ್ಸು ಕಟಪಾಡಿ ದಾಟಿತು, ಉದ್ಯಾವರ ದಾಟಿತು. ಮೋಕ್ಷಾ ಮೂರು ಸಲ ಹಿಂದೆ ತಿರುಗಿ ನೋಡಿದಳು. ಹಿಂದಿನ ಸೀಟಿನಲ್ಲಿ ಮೀನಿನ ಬುಟ್ಟಿ ಹಿಡಿದ ಹೆಂಗಸೊಬ್ಬಳು ತೂಕಡಿಸುತ್ತಿದ್ದಳು.

ಉಡುಪಿಯಲ್ಲಿ ಇಳಿದಾಗ ಬೆಳಿಗ್ಗೆ ಹನ್ನೊಂದು. ಹಾರ್ನು, ಕಂಡಕ್ಟರುಗಳ ಕೂಗು, ಡೀಸೆಲ್ ವಾಸನೆ. ಅಂಗಡಿಗಳ ಸಾಲಿನ ಕೊನೆಯಲ್ಲಿ ಮೊಬೈಲ್ ರಿಪೇರಿಯ ಬೋರ್ಡು ಕಂಡಿತು. ಅಲ್ಲಿಗೆ ಹೋಗಲು ಕಾರ್ಕಳದ ಬಸ್ಸುಗಳ ಮುಂದೆಯೇ ದಾಟಬೇಕು.

ಅರ್ಧ ದಾರಿಯಲ್ಲಿ ಹಿಂದಿನಿಂದ ಧ್ವನಿ ಬಂತು. "ಓ ಮೋಕ್ಷಾ... ಇಷ್ಟು ದಿನ ಎಲ್ಲಿ ಅಡಗಿ ಕೂತಿದ್ದೆ?"

ಕಾಲು ನಿಂತುಬಿಟ್ಟಿತು.

ಉಜ್ವಲ್ ನಗುತ್ತಾ ಮುಂದೆ ಬಂದು ದಾರಿಗೆ ಅಡ್ಡ ನಿಂತ. "ನನ್ನನ್ನು ನೋಡಲಿಕ್ಕೆ ಬಂದದ್ದಾ? ನಂಬರ್ ಯಾಕೆ ಬದಲಾಯಿಸಿದ್ದು?"

'ಓಡು!' ಎಂದಿತು ಮನಸ್ಸು. ಓಡಲಾಗಲಿಲ್ಲ. ಅವಳು ನಿಂತಲ್ಲೇ ಉಸಿರು ಎಳೆದುಕೊಂಡಳು. ಇನ್ನೊಮ್ಮೆ ಎಳೆದುಕೊಂಡಳು. ಆಮೇಲೆ ಬಾಯಿ ತೆರೆದಳು. ಬಂದ ಧ್ವನಿ ತನ್ನದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ!

"ನಾನು ನಿಮ್ಮನ್ನು ಬೇಡ ಅಂದಿದ್ದೇನೆ! ಫೋನ್ ಮಾಡಬೇಡಿ ಅಂದಿದ್ದೇನೆ! ಬಸ್ಸಿನಲ್ಲಿ ಹಿಂದೆ ಬಂದಿದ್ದೀರಿ! ದಾರಿ ಬಿಡಿ!"

ಬಸ್‌ಸ್ಟ್ಯಾಂಡಿನ ಅರ್ಧ ಜನ ತಿರುಗಿ ನೋಡಿದರು. ಉಜ್ವಲ್‌ನ ನಗು ಮಾಸಿತು. "ಮೆಲ್ಲ ಮಾತಾಡು," ಎಂದು ಅವಳ ಕೈಗೆ ಕೈ ಚಾಚಿದ.

"ಇ... ಇ... ಇವರು... ಬ... ಬೇಡ ಅಂದ್ರಲ್ಲ?"

ಮೊಬೈಲ್ ಅಂಗಡಿಯಿಂದ ಓಡಿ ಬಂದವನೊಬ್ಬ ಅವಳ ಪಕ್ಕ ನಿಂತಿದ್ದ. ತೆಳ್ಳಗಿನ ಮೈ, ಕೈಯಲ್ಲಿ ಸಣ್ಣ ಸ್ಕ್ರೂಡ್ರೈವರ್. ಮುಖ ಬೆವೆತಿತ್ತು.

"ಮೊದಲು ನೆಟ್ಟಗೆ ಮಾತಾಡಲಿಕ್ಕೆ ಕಲಿ!" ಉಜ್ವಲ್ ಗಹಗಹಿಸಿದ.

ಅವನು ತಲೆ ತಗ್ಗಿಸಿದ. ಆದರೆ ನಿಂತ ಜಾಗದಿಂದ ಕದಲಲಿಲ್ಲ.

ಕಾಪು ಬಸ್ಸಿನ ಹಿರಿಯ ಕಂಡಕ್ಟರ್ ಜೋಕಿಮ್ ಚೀಲ ಭುಜಕ್ಕೇರಿಸಿಕೊಂಡು ಹತ್ತಿರ ಬಂದ. "ಅವರು ಹೇಳಿದ್ದು ನಮಗೆಲ್ಲ ಸರಿಯಾಗಿಯೇ ಕೇಳಿತು. ನಿನಗೆ ಮಾತ್ರ ಕೇಳಲಿಲ್ವಾ?"

"ವಿಡಿಯೋದಲ್ಲೂ ಬಂದಿದೆ," ಎಂದಳು ಮ್ಯಾಗ್ಡಲಿನ್.

ಉಜ್ವಲ್ ಸುತ್ತ ನೋಡಿದ. ಏನೋ ಗೊಣಗುತ್ತಾ ಬಸ್ಸುಗಳ ಹಿಂದೆ ಮರೆಯಾದ.

ಮೋಕ್ಷಾ ಪಕ್ಕದವನ ಕಡೆ ತಿರುಗಿದಳು.

"ಹನುಮೇಶ?"

ಅವನು ಬೆಚ್ಚಿದ. "ಬಂ... ಬಂ..."

"ಬಂಗುಡೆ," ಎಂದವಳು ಅಳುತ್ತಲೇ ನಕ್ಕಳು.

ಅಲ್ಲಿಂದ ಮೂವರೂ ಹೋದದ್ದು ಮಹಿಳಾ ಠಾಣೆಗೆ. ಎಲ್ಲವನ್ನೂ ಅವಳೇ ಹೇಳಿದಳು, ಅವಳೇ ಸಹಿ ಹಾಕಿದಳು. ಹನುಮೇಶ ಸಾಕ್ಷಿ ಎಂದು ತನ್ನ ಹೆಸರು ಬರೆದುಕೊಟ್ಟ. ಠಾಣೆಯಿಂದ ಕರೆ ಹೋದ ಮೇಲೆ ಉಜ್ವಲ್‌ನ ಅಣ್ಣನೇ ಅವನನ್ನು ಕರೆದುಕೊಂಡು ಬಂದ. ಇನ್ನು ಅವಳ ಹತ್ತಿರ ಸುಳಿಯುವುದಿಲ್ಲವೆಂದು ಪೊಲೀಸರು ಬರೆಸಿಕೊಂಡರು, ಸುಳಿದರೆ ಕೇಸು ಎಂದರು.

ಅಷ್ಟಕ್ಕೆ ಹೆದರಿಕೆ ಪೂರ್ತಿ ಹೋಯಿತೇ? ಇಲ್ಲ. ಹೊರಗೆ ಬಂದಾಗಲೂ ಅವಳು ರಸ್ತೆಯ ಎರಡೂ ಬದಿ ನೋಡಿದಳು. ಆದರೆ ನೋಡಿದ ಮೇಲೆ ನಡೆದಳು.

ಸಂಜೆ, ಮೋಕ್ಷಾಳ ಅಮ್ಮನಿಗೆ ಫೋನ್ ಮಾಡುತ್ತೇನೆಂದು ಮ್ಯಾಗ್ಡಲಿನ್ ಬೇಕೆಂದೇ ದೂರ ಹೋದಳು. ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನಲ್ಲಿ ಇಬ್ಬರೇ ಉಳಿದರು.

"ಮಾತಾಡದೆ ಬರೆಯುತ್ತಿದ್ದದ್ದು ಇದಕ್ಕಾ?" ಮೋಕ್ಷಾ ಮೆಲ್ಲನೆ ಕೇಳಿದಳು.

ಅವನು ತಲೆಯಾಡಿಸಿದ. "ಜ... ಜನ ನಗ್ತಾರ. ನೀ... ನೀವೂ ನಕ್ರ... ಅಂತ ಹೆ... ಹೆದರಿಕಿ."

'ಇವನಿಗೂ ಹೆದರಿಕೆಯಾ? ಹೆದರಿಕೊಂಡೇ ನನ್ನ ಪಕ್ಕ ಬಂದು ನಿಂತನಾ?' ಅವಳ ಎದೆ ತುಂಬಿ ಬಂತು.

"ನಾನು ನಿಮ್ಮನ್ನು ಉಜ್ವಲ್ ಅಂತ ತಿಳಿದು ಹತ್ತು ದಿನ ಬೈದಿದ್ದೇನೆ. ಕ್ಷಮಿಸಿ."

ಅವನು ನಕ್ಕ. ಮತ್ತೆ ಗಂಭೀರನಾದ. ಅಂಗೈ ಪ್ಯಾಂಟಿಗೆ ಒರೆಸಿಕೊಂಡ.

"ಮೋ... ಮೋಕ್ಷಾ, ನಾ... ನಾ ನಿ... ನಿಮ್ಮನ್ನ..."

ಅವನ ಕೈ ಅಭ್ಯಾಸಬಲದಿಂದ ಮೊಬೈಲಿಗೆ ಹೋಯಿತು, ಬರೆದು ತೋರಿಸಲು. ಮೋಕ್ಷಾ ಆ ಕೈಯ ಮೇಲೆ ತನ್ನ ಕೈ ಇಟ್ಟಳು.

"ಬರೆಯಬೇಡಿ. ಹೇಳಿ."

"ತ... ತಡ ಆಗ್ತದ... ನಿಮ್ಮ ಬ... ಬಸ್ಸು..."

ಎದುರಿಗೇ ಕಾಪುವಿನ ಬಸ್ಸು ಹೊರಟಿತು. ಜೋಕಿಮ್ ಬಾಗಿಲಲ್ಲಿ ನಿಂತು ಅವಳ ಕಡೆ ನೋಡಿದ. ಅವಳು ಬರುವುದಿಲ್ಲವೆಂದು ತಲೆಯಾಡಿಸಿದಳು.

"ಹೋಗಲಿ, ಇನ್ನೊಂದು ಉಂಟಲ್ಲ," ಎಂದು ಅವಳು ಅವನ ಕಡೆ ತಿರುಗಿ ಕುಳಿತಳು. "ನಿಧಾನ ಹೇಳಿ... ನಾನು ಕೇಳ್ತೇನೆ."