ಪಂಡಿತನ ಆಧಾರ

“ಹಾಲು ಬಿಡಿಸಬೇಕು,” ಎಂದಿತು ಪಂಡಿತ.

ಹಿರಿಯೂರಿನ ಬಸ್ ನಿಲ್ದಾಣದ ಎದುರಿನ ಪಂಕಜಾಕ್ಷಿಯ ಔಷಧಿ ಅಂಗಡಿಯಲ್ಲಿ, ಗಲ್ಲಾಪೆಟ್ಟಿಗೆಯ ಪಕ್ಕ, ಟಿಫಿನ್ ಡಬ್ಬಿಯಷ್ಟು ದೊಡ್ಡದಾದ ಆ ಯಂತ್ರ ಕೂತಿತ್ತು. ಸರ್ಕಾರ ಇಟ್ಟ ಹೆಸರು ಔಷಧಜ್ಞಾನ ಯಂತ್ರ. ಜನರ ಬಾಯಲ್ಲಿ ಪಂಡಿತ. ಯಾವ ಮಾತ್ರೆಯ ಬಗ್ಗೆ ಏನು ಕೇಳಿದರೂ ಕ್ಷಣದಲ್ಲಿ ಉತ್ತರ ಸಿದ್ಧ. ಅದು ಬಂದ ವರ್ಷವೇ ಅಂಗಡಿಗಳ ದಪ್ಪ ದಪ್ಪ ಔಷಧಿ ಪುಸ್ತಕಗಳೆಲ್ಲ ರದ್ದಿಗೆ ಹೋಗಿದ್ದವು. ಅಚ್ಚು ಹಾಕುವವರೂ ನಿಲ್ಲಿಸಿಬಿಟ್ಟರು.

ಎದುರಿಗೆ ನಿಂತಿದ್ದ ಶಾಹೀನಾ ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. ಅವಳಿಗೆ ಮೂರ್ಛೆರೋಗ. ಹೆರಿಗೆಯಾದ ಮೇಲೆ ಡಾಕ್ಟರು ಹೊಸ ಮಾತ್ರೆ ಬರೆದಿದ್ದರು. ಅದನ್ನು ನುಂಗುತ್ತಾ ಎದೆಹಾಲು ಕೊಡಬಹುದೇ ಎಂದು ಕೇಳಲು ಬಂದಿದ್ದಳು. ಕೂಸೋ, ದಿನ ತುಂಬುವ ಮೊದಲೇ ಹುಟ್ಟಿದ್ದು. ಡಬ್ಬಿ ಹಾಲು ಕುಡಿಸಿದರೆ ಅಷ್ಟನ್ನೂ ಕಕ್ಕುತ್ತಿತ್ತು.

“ಹಾಲು ಬಿಡಿಸಿದ್ರೆ ಇದು ಉಳಿಯಲ್ಲ ಅಕ್ಕ. ನಾನು ಮಾತ್ರೆನೇ ಬಿಟ್ಬಿಡ್ತೀನಿ.”

“ಹೋದ ವರ್ಷ ಹಂಗೆ ಬಿಟ್ಟು ಒಲೆ ಮುಂದೆ ಬಿದ್ದಿದ್ದು ಮರೆತೋಯ್ತಾ? ಈಗ ಕೈಯಲ್ಲಿ ಕೂಸೈತೆ.”

ಪಂಕಜಾಕ್ಷಿ ಡಾಕ್ಟರಿಗೆ ಫೋನ್ ಮಾಡಿದಳು. ಅವರೂ ತಮ್ಮ ಪಂಡಿತನನ್ನೇ ಕೇಳಿ ಅದೇ ಮಾತು ಹೇಳಿದರು. ಯಾವ ಆಧಾರದ ಮೇಲೆ ಹೇಳ್ತೀಯ ಎಂದು ಯಂತ್ರವನ್ನೇ ಕೇಳಿದಳು. “ನಿಮ್ಮ ದರ್ಜೆಯ ಅಂಗಡಿಗೆ ಆ ಸೌಲಭ್ಯವಿಲ್ಲ,” ಎಂದಿತು.

ಔಷಧಾಲಯಗಳಲ್ಲಿ ಮೂರು ದರ್ಜೆ. ದೊಡ್ಡ ಆಸ್ಪತ್ರೆಗಳ ಔಷಧಾಲಯಕ್ಕೆ ಉತ್ತರವೂ ಸಿಗುತ್ತಿತ್ತು, ಅದರ ಮೂಲವೂ ಸಿಗುತ್ತಿತ್ತು. ಸರ್ಕಾರಿ ಔಷಧಾಲಯಕ್ಕೆ ಉತ್ತರ ಮತ್ತು ಒಂದಿಷ್ಟು ವಿವರಣೆ. ಬೀದಿಬದಿಯ ಅಂಗಡಿಗೆ ಬರೀ ಉತ್ತರ. ಬೀದಿಯವರಿಗೆ ಕಾರಣ ಯಾಕೆ ಬೇಕು ಎಂದು ಯಾರೋ ಮಹಾನುಭಾವರು ತೀರ್ಮಾನಿಸಿದ್ದರು.

“ನಾಳೆ ಸಂಜೆ ತನಕ ತಡಿ. ಮಾತ್ರೆ ಮಾತ್ರ ನಿಲ್ಲಿಸಬೇಡ,” ಎಂದು ಹೇಳಿ ಕಳಿಸಿದಳು. ನಿಂತು ನಿಂತು ಮಂಡಿ ಸವೆದಿದ್ದ ಪಂಕಜಾಕ್ಷಿ ಮರುದಿನ ಅಂಗಡಿ ಮುಚ್ಚಿ ದಾವಣಗೆರೆಯ ಬಸ್ಸು ಹತ್ತಿದಳು.

ಅಲ್ಲಿನ ದೊಡ್ಡ ಆಸ್ಪತ್ರೆಯೊಂದರ ಔಷಧಾಲಯದ ಮುಖ್ಯಸ್ಥರು ಡಾ. ನಿರಂಜನಮೂರ್ತಿ. ಪಂಡಿತನನ್ನು ರೂಪಿಸಿದ ತಂಡದಲ್ಲಿದ್ದವರು. ಪ್ರಶ್ನೆ ಕೇಳಿ ಪರದೆಯ ಮೇಲೆ ಮೂಲ ಹುಡುಕುತ್ತಾ ಹೋದವರು ನಡುವೆ ನಿಂತುಬಿಟ್ಟರು.

“ಮೊದಲ ಆಧಾರ ಒಂದು ಅಂಗಡಿ ಮೇಡಂ. ಹಿರಿಯೂರು, ಬಸ್ ನಿಲ್ದಾಣದ ಎದುರು.”

ಪಂಕಜಾಕ್ಷಿಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಯಾವ ಪ್ರಶ್ನೆಗೆ ಸಂಶೋಧನೆಯ ಉತ್ತರ ಇಲ್ಲವೋ ಅಲ್ಲಿ ಪಂಡಿತ ರೂಢಿಜ್ಞಾನವನ್ನು ಬಳಸುತ್ತದೆ. ಅಂದರೆ ಅನುಭವಸ್ಥರು ಗಿರಾಕಿಗೆ ಹೇಳುವ ಮಾತನ್ನು ಕೇಳಿಸಿಕೊಂಡು ಇಟ್ಟುಕೊಳ್ಳುತ್ತದೆ. ಗುಂಡಿ ಒತ್ತಿದರು. ಮೊದಲು ಕೇಳಿಸಿದ್ದು ಎಣ್ಣೆ ಕಾಣದ ಶಟರಿನ ಕಿರುಗುಟ್ಟುವ ಸದ್ದು. ಅದು ತನ್ನ ಅಂಗಡಿಯದೇ ಎಂದು ಅವಳಿಗೆ ತಕ್ಷಣ ತಿಳಿಯಿತು. ಹಿಂದೆಯೇ ಅವಳದೇ ದನಿ: “ಸುಮ್ನೆ ಯಾಕಮ್ಮ ತಲೆಬಿಸಿ, ಹಾಲು ಬಿಡಿಸ್ಬಿಡು.”

ಯಾರಿಗೆ ಹೇಳಿದ್ದು, ಯಾವತ್ತು, ಒಂದೂ ನೆನಪಾಗಲಿಲ್ಲ. ಮನೆಗೆ ಹೋಗುವ ಆತುರದಲ್ಲಿ ಆಡಿದ ಮಾತು.

“ಆಮೇಲೆ ಬೇರೆ ಅಂಗಡಿಯವರು ಪಂಡಿತನನ್ನು ಕೇಳಿದ್ರು. ಅದು ನಿಮ್ಮ ಮಾತು ಹೇಳ್ತು. ಅವರು ಗಿರಾಕಿಗೆ ಹೇಳಿದ್ರು, ಪಂಡಿತ ಅದನ್ನೂ ಕೇಳಿಸಿಕೊಳ್ತು. ಈಗ ರಾಜ್ಯದ ಅಂಗಡಿಗಳೆಲ್ಲ ಒಪ್ಪಿವೆ ಅಂತ ಲೆಕ್ಕ.”

“ಅಳಿಸಿಬಿಡಿ ಸರ್.”

“ಅಷ್ಟೂ ಜನ ಒಪ್ಪಿದ್ದನ್ನು ಒಬ್ಬರ ಮಾತಿಗೆ ಅಳಿಸೋಕೆ ಬರಲ್ಲ.”

“ಆ ಒಬ್ಬಳು ನಾನೇ ಅಲ್ವಾ?” ಎಂದಳು. “ಹೋಗ್ಲಿ, ನಿಜ ಏನು ಹೇಳಿ.”

ನಿರಂಜನಮೂರ್ತಿ ಕನ್ನಡಕ ತೆಗೆದು ಒರೆಸಿಕೊಂಡರು. “ಗೊತ್ತಿಲ್ಲ. ಉತ್ತರ ಇದೆಯಲ್ಲ ಅಂತ ಯಾರೂ ಸಂಶೋಧನೆ ಮಾಡಲೇ ಇಲ್ಲ.” ಆಮೇಲೆ ಮೆಲ್ಲಗೆ ಹೇಳಿದರು: “ಕೂಸಿನ ರಕ್ತದಲ್ಲಿ ಮಾತ್ರೆಯ ಅಂಶ ಎಷ್ಟಿದೆ ನೋಡಬಹುದು. ಕಳಿಸಿ, ಮಾಡಿಕೊಡ್ತೀನಿ. ಅವರ ಡಾಕ್ಟರ ಹತ್ತಿರ ನಾನೇ ಮಾತಾಡ್ತೀನಿ.”

ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಳು. ಎಷ್ಟು ತಾಯಂದಿರು ತನ್ನ ಆ ಒಂದು ಮಾತಿಗೆ ಹಾಲು ಬತ್ತಲೆಂದು ಎದೆ ಕಟ್ಟಿಕೊಂಡು ಅತ್ತಿರಬೇಕು ಎನಿಸಿತು. ನಾಚಿಕೆಯಾಯಿತು. ನಾಚಿಕೆಪಡಲೂ ಆಗದಷ್ಟು ದಣಿವೂ ಇತ್ತು.

ಶಾಹೀನಾ ಅಂಗಡಿಯ ಮೆಟ್ಟಿಲ ಮೇಲೆ ಕಾಯುತ್ತಿದ್ದಳು.

“ಮಾತ್ರೆ ತಗೊಂಡ್ಯಾ?”

“ಇಲ್ಲ ಅಕ್ಕ.”

ಪಂಕಜಾಕ್ಷಿ ಅವಳ ಪಕ್ಕದಲ್ಲೇ ಕೂತಳು. “ನಂಗೆ ಗೊತ್ತಿಲ್ಲ ಶಾಹೀನಾ. ಪಂಡಿತನಿಗೂ ಗೊತ್ತಿಲ್ಲ. ಅದು ಹೇಳ್ತಿರೋದು ನಾನು ಯಾವತ್ತೋ ಬಾಗಿಲು ಹಾಕೋ ಅವಸರದಲ್ಲಿ ಅಂದಿದ್ದು. ಕೂಸಿನ ರಕ್ತ ನೋಡಿಸಬೇಕಂತೆ. ನೋಡ್ಕೊಂಡು ಹಾಲು ಕೊಡಬಹುದು ಅಂತ ನಿಮ್ಮ ಡಾಕ್ಟರು ಈಗ ಫೋನಲ್ಲಿ ಹೇಳಿದ್ರು. ಅಷ್ಟೇ ಗೊತ್ತಿರೋದು.”

ಬೈಯುತ್ತಾಳೆ ಎಂದುಕೊಂಡಿದ್ದಳು. ಶಾಹೀನಾ ಕೂಸನ್ನು ಮಡಿಲಿಗೆ ಇಳಿಸಿಕೊಂಡಳು.

“ಗೊತ್ತಿಲ್ಲ ಅಂದೋರು ನೀವೊಬ್ರೇ,” ಎಂದು ಸೆರಗಿನ ಗಂಟಿನಿಂದ ಮಾತ್ರೆ ತೆಗೆದಳು. “ಒಂದು ಲೋಟ ನೀರು ಕೊಡಿ.”

ಕೂಸಿನ ರಕ್ತದಲ್ಲಿ ಸಿಕ್ಕಿದ್ದು ಮಾತ್ರೆಯ ತೀರಾ ಅಲ್ಪ ಅಂಶ. ಹಾಲು ನಿಲ್ಲಲಿಲ್ಲ, ಮಾತ್ರೆಯೂ ನಿಲ್ಲಲಿಲ್ಲ. ಪಂಡಿತ ಮಾತ್ರ ಇವತ್ತಿಗೂ ಹಾಲು ಬಿಡಿಸಬೇಕು ಎನ್ನುತ್ತದೆ.

ಶಾಹೀನಾ ಸುಮ್ಮನಿರುವವಳಲ್ಲ. ಊರೆಲ್ಲ ಹೇಳಿಕೊಂಡು ಬಂದಳು. ಈಗ ದೊಡ್ಡ ಆಸ್ಪತ್ರೆಯ ಚೀಟಿ ಹಿಡಿದವರೂ ಬಸ್ಸಿಳಿದು ನೇರ ಇಲ್ಲಿಗೇ ಬರುತ್ತಾರೆ. ಎಲ್ಲರದೂ ಒಂದೇ ಮಾತು: “ಪಂಡಿತ ಹೇಳಿದ್ದು ಕೇಳಿದೀವಿ ಅಕ್ಕ. ಅದಕ್ಕೆ ಗೊತ್ತಿಲ್ಲದ್ದು ಏನಾದ್ರೂ ಐತಾ ಅಂತ ಕೇಳೋಣ ಅಂತ ಬಂದ್ವಿ.”

ಇವತ್ತೂ ಮಂಡಿ ನೋವು ತಡೆಯಲಾಗದೆ ಪಂಕಜಾಕ್ಷಿ ಶಟರನ್ನು ಅರ್ಧ ಎಳೆದಿದ್ದಳು. ಅದರ ಕೆಳಗೆ ಬಗ್ಗಿ ಯಾರೋ ಹೆಂಗಸು, “ಅಕ್ಕ, ಒಂದು ಮಾತು,” ಎಂದಳು. ತಲೆಬಿಸಿ ಯಾಕೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಶಟರನ್ನು ಕಿರುಗುಟ್ಟಿಸುತ್ತಾ ಪೂರ್ತಿ ಮೇಲಕ್ಕೆತ್ತಿದಳು.